ಹೋದ ಹಣ ತಂದುಕೊಡ್ತೇವೆ ಅನ್ನುವವರ ಬಗ್ಗೆ ಎಚ್ಚರ
(ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



 ಇವತ್ತಿನ ವಿಷಯ ಕ್ರಿಪ್ಟೋ ಹಣ. "ಸಿಸ್ಟರ್, ಅದು ನಮಗ್ಯಾಕೆ? ನಮ್ಮ ಹತ್ರ ಬಿಟ್‌ಕಾಯಿನ್ ಎಲ್ಲಿದೆ?" ಅಂತ ನೀವು ಕೇಳಬಹುದು. ನಾವೂ ಹಾಗೇ ತಿಳಿದಿದ್ದೆವು.

ಆದರೆ ಕಳಸದ ಕಡೆಯ ಒಬ್ಬ ಸಹೋದರಿ ಮಗಳ ಕಾಲೇಜಿಗೆಂದು ಸಂಘದಿಂದ 20,000 ರೂಪಾಯಿ ಸಾಲ ಪಡೆದರು. ಮೂರು ಕಂತು ತಪ್ಪಿದಾಗ ನಾವು ಮನೆಗೆ ಹೋದೆವು. ಆಗ ಅಳುತ್ತಾ ನಿಜ ಹೇಳಿದರು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಮೊಬೈಲಿನ ವ್ಯಾಲೆಟ್‌ನಲ್ಲಿ ಕ್ರಿಪ್ಟೋ ಇಟ್ಟಿದ್ದ, ಅದನ್ನು ಯಾರೋ ಕದ್ದರು. ಆಮೇಲೆ ವಾಟ್ಸಾಪ್‌ನಲ್ಲಿ ಇನ್ನೊಬ್ಬ ಬಂದು, "ಹೋದದ್ದನ್ನು ವಾಪಸ್ ತೆಗೆಸಿಕೊಡ್ತೇನೆ, ಮೊದಲು ಫೀಸು ಕಟ್ಟಿ" ಅಂದ. ಸಂಘದ ಸಾಲ ಹೋದದ್ದು ಆ ಎರಡನೆಯ ಕಳ್ಳನಿಗೆ.

ವ್ಯಾಲೆಟ್ ಅಂದರೆ ಬೀಗ ಹಾಕಿದ ಪೆಟ್ಟಿಗೆ ಇದ್ದ ಹಾಗೆ. ಅದರ ಬೀಗದ ಕೈ 12 ಅಥವಾ 24 ಇಂಗ್ಲಿಷ್ ಪದಗಳು. ಆ ಪದಗಳು ಯಾರ ಕೈಗೆ ಸಿಕ್ಕವೋ ಹಣ ಅವರದ್ದು. ಬ್ಯಾಂಕಿನಲ್ಲಾದರೆ ಮ್ಯಾನೇಜರ್ ಇದ್ದಾರೆ, 5 ಲಕ್ಷದವರೆಗೆ ಠೇವಣಿಗೆ ವಿಮೆ ಇದೆ. ಇಲ್ಲಿ ಅದೊಂದೂ ಇಲ್ಲ. 2022ರಿಂದ ಸರ್ಕಾರ ಕ್ರಿಪ್ಟೋ ಲಾಭಕ್ಕೆ ಶೇ. 30 ತೆರಿಗೆ ಹಾಕುತ್ತಿದೆ, ಆದರೆ ತೆರಿಗೆ ಹಾಕಿದ ಮಾತ್ರಕ್ಕೆ ಗ್ಯಾರಂಟಿ ಕೊಟ್ಟ ಹಾಗಲ್ಲ.

ದೊಡ್ಡ ಕಂಪನಿಗಳೇ ಕಳ್ಳತನಕ್ಕೆ ಸಿಕ್ಕಿವೆ. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 2,000 ಕೋಟಿ ರೂಪಾಯಿ ಮೌಲ್ಯದ ಕ್ರಿಪ್ಟೋ ಹೋಯಿತು, ಅದರಲ್ಲಿ ಜನರ ಹಣವೂ ಸಿಕ್ಕಿಕೊಂಡಿತು. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್‌ನಿಂದ 370 ಕೋಟಿಗೂ ಹೆಚ್ಚು ಹೋಯಿತು. ಗ್ರಾಹಕರ ಹಣಕ್ಕೆ ತೊಂದರೆ ಇಲ್ಲ, ನಷ್ಟ ನಾವೇ ಹೊರುತ್ತೇವೆ ಎಂದು ಆ ಕಂಪನಿ ಹೇಳಿತು. ನಮ್ಮ ಮಕ್ಕಳ ನಷ್ಟ ಹೊರುವವರು ಯಾರು?

ಮುಖ್ಯ ಮಾತು ಕೇಳಿ. ಕ್ರಿಪ್ಟೋ ಒಮ್ಮೆ ಬೇರೆಯವರ ವ್ಯಾಲೆಟ್‌ಗೆ ಹೋದರೆ ಆ ಲೆಕ್ಕವನ್ನು ಯಾರೂ ಅಳಿಸಲಾರರು. ಪೊಲೀಸರು ಅದರ ಜಾಡು ಹಿಡಿದು, ಅದು ಯಾವುದಾದರೂ ಕಂಪನಿಯ ಖಾತೆಗೆ ಬಂದಾಗ ತಡೆಹಿಡಿಸಬಹುದು. ಬೇರೆ ಸುಲಭದ ದಾರಿ ಇಲ್ಲ. ಆದ್ದರಿಂದ "ಹ್ಯಾಕ್ ಮಾಡಿ ತರ್ತೇವೆ" ಅನ್ನುವವನು ಸುಳ್ಳುಗಾರ. ಪೊಲೀಸ್, ವಕೀಲ ಅಂತ ಹೇಳಿಕೊಂಡು, ಕೋರ್ಟಿನ ಮುದ್ರೆ ಇರುವ ಕಾಗದವನ್ನೂ ಕಳಿಸ್ತಾರೆ. ಇವತ್ತು ಫೀಸು, ನಾಳೆ ತೆರಿಗೆ, ನಾಡಿದ್ದು ಇನ್ನೊಂದು. ನಿಜವಾದ ಪೊಲೀಸರು ಹಣ ಹುಡುಕಿಕೊಡಲು ಫೀಸು ಕೇಳುವುದಿಲ್ಲ.

ಮನೆಗೆ ಹೋಗಿ ಮಕ್ಕಳಿಗೆ ಇಷ್ಟು ಹೇಳಿ:

1. ಆ 12 ಪದಗಳನ್ನು ಯಾರಿಗೂ ಹೇಳಬೇಡಿ, ಫೋಟೋ ತೆಗೆದು ಮೊಬೈಲಿನಲ್ಲಿ ಇಡಬೇಡಿ. ಕಾಗದದಲ್ಲಿ ಬರೆದು ಭದ್ರವಾಗಿಡಿ.

2. ಗುರುತಿಲ್ಲದವರು ಕಳಿಸಿದ ಲಿಂಕ್ ಒತ್ತಬೇಡಿ, ಅವರು ಹೇಳಿದ ಆ್ಯಪ್ ಹಾಕಿಕೊಳ್ಳಬೇಡಿ.

3. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬ್ಯಾಂಕಿನಿಂದ ಹೋದ ಹಣವಾದರೆ ಬೇಗ ತಿಳಿಸಿದಷ್ಟೂ ತಡೆಯುವುದು ಸುಲಭ. ಚಿಕ್ಕಮಗಳೂರಿನ ಸೆನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ಮೆಸೇಜುಗಳನ್ನು ಅಳಿಸಬೇಡಿ, ಅವೇ ಸಾಕ್ಷಿ.

4. ಕ್ರಿಪ್ಟೋಗಾಗಲಿ, ಹೋದ ಹಣ ತರಿಸುವ ಫೀಸಿಗಾಗಲಿ ಸಂಘದ ಸಾಲ ಇಲ್ಲ ಅಂತ ಮುಂದಿನ ಸಭೆಯಲ್ಲಿ ಠರಾವು ಮಾಡಿ.

ಆ ಸಹೋದರಿಯನ್ನು ಸಂಘದವರು ಯಾರೂ ಹಂಗಿಸಲಿಲ್ಲ. ಕಂತು ಚಿಕ್ಕದು ಮಾಡಿಕೊಟ್ಟರು, ಅವರು ಈಗ ಕಟ್ಟುತ್ತಿದ್ದಾರೆ. "ಮೊದಲೇ ನಿಮ್ಮ ಹತ್ರ ಹೇಳಿದ್ರೆ ಎರಡನೇ ಸಲ ಮೋಸ ಹೋಗ್ತಿರ್ಲಿಲ್ಲ" ಅಂದರು.

ಯೇಸುಸ್ವಾಮಿ ಹೇಳಿದ ಒಂದು ಸಾಮತಿ ಇದೆ. ಹತ್ತು ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆಯೆಲ್ಲ ಗುಡಿಸಿ ಹುಡುಕಿದಳು. ಸಿಕ್ಕಾಗ ನೆರೆಹೊರೆಯವರನ್ನು ಕರೆದಳು. ನಾವೋ, ಕಳೆದುಕೊಂಡದ್ದನ್ನು ನಾಚಿಕೆಯಿಂದ ಮುಚ್ಚಿಡುತ್ತೇವೆ. ಎರಡನೆಯ ಕಳ್ಳನಿಗೆ ಬೇಕಾದದ್ದು ಅದೇ. ಸಹೋದರಿಯರೇ, ಸಿಕ್ಕಾಗ ಮಾತ್ರವಲ್ಲ, ಕಳೆದಾಗಲೂ ಸಂಘವನ್ನು ಕರೆಯಿರಿ.