ಚಿತ್ರದ ಹಿಂಬದಿ

(ಬಾನುಲಿ ಭಾಷಣ)



ಬೈಂದೂರಿಗೆ ಸಮೀಪದ ಹಳ್ಳಿಯೊಂದರಲ್ಲಿದ್ದ ನನ್ನ ಅಜ್ಜಿಮನೆಯ ಚಾವಡಿಯಲ್ಲಿ, ದೇವರ ಪಟಗಳ ಸಾಲು ಮುಗಿಯುವಲ್ಲಿ, ಸೈನಿಕರೊಬ್ಬರ ದೊಡ್ಡ ಭಾವಚಿತ್ರ ತೂಗುತ್ತಿತ್ತು. ಅವರು ನನ್ನ ಅಮ್ಮಮ್ಮನ ತಮ್ಮ. 1940ರಲ್ಲಿ ಸೈನ್ಯಕ್ಕೆ ಸೇರಿ, ಲಾರಿಯ ಚಾಲಕರಾಗಿ ಉತ್ತರ ಆಫ್ರಿಕದ ಮರುಭೂಮಿಗೆ ಹೋದವರು 1942ರಲ್ಲಿ ಜರ್ಮನರ ಗುಂಡಿಗೆ ಅಲ್ಲಿಯೇ ಮಡಿದರು. ಹಡಗು ಹತ್ತುವ ಮೊದಲು ತೆಗೆಸಿ ಕಳುಹಿಸಿದ ಅಂಗೈಯಗಲದ ಕಪ್ಪು-ಬಿಳುಪಿನ ಪಟವೊಂದೇ ಮನೆಯವರಿಗೆ ಉಳಿದದ್ದು. ಕೆಲವು ವರ್ಷಗಳ ಮೇಲೆ ಅದನ್ನು ಕುಂದಾಪುರದ ಸ್ಟುಡಿಯೋ ಒಂದಕ್ಕೆ ಕೊಟ್ಟು, ದೊಡ್ಡದು ಮಾಡಿಸಿ, ಬಣ್ಣ ತುಂಬಿಸಿದರು. ಕುಂದಾಪುರ, ಬ್ರಹ್ಮಾವರಗಳ ಕಡೆಯ ಅನುಕೂಲಸ್ಥರ ಮನೆಗಳಲ್ಲಿ ಇಂಥ ಕೈಬಣ್ಣದ ಭಾವಚಿತ್ರಗಳು ಆಗ ಅಪರೂಪವಾಗಿರಲಿಲ್ಲ. ಬಣ್ಣ ಹಾಕಿದ ಕಲಾವಿದ ಆ ಮನುಷ್ಯನನ್ನು ಕಂಡವನಲ್ಲ. ಕೆನ್ನೆಗೆ ಗುಲಾಬಿ, ತುಟಿಗೆ ಕೆಂಪು, ಸಮವಸ್ತ್ರಕ್ಕೆ ಬಾಳೆಯೆಲೆಯಂಥ ಹಸಿರು ಬಳಿದಿದ್ದ. ಬಂದವರೆಲ್ಲ ಮೆಚ್ಚಿದರು. ಅಮ್ಮಮ್ಮ ಮಾತ್ರ, "ಪಟ ಲಾಯ್ಕ್ ಇತ್ತ್. ಆರೆ ಇದ್ ನಮ್ಮ ಮಾಣಿ ಅಲ್ಲ" ಎಂದರಂತೆ. ಚಾವಡಿಯ ಪಟ ನೆಂಟರಿಗಾಯಿತು. ತಮಗೆ ಬೇಕೆನಿಸಿದಾಗ ಅವರು ಮರದ ಪೆಟ್ಟಿಗೆಯಿಂದ ಆ ಹಳೆಯ ಚಿಕ್ಕ ಪಟವನ್ನೇ ಹೊರತೆಗೆಯುತ್ತಿದ್ದರು.

ಯುದ್ಧಕಾಲದ ಜರ್ಮನ್ ಸೈನಿಕರ ವರ್ಣಛಾಯಾಚಿತ್ರಗಳನ್ನು ಇತ್ತೀಚೆಗೆ ಒಂದೆಡೆ ಕುಳಿತು ನೋಡುವ ಅವಕಾಶ ಒದಗಿದಾಗ ನನಗೆ ಈ ಹಳೆಯ ಸಂಗತಿ ನೆನಪಾಯಿತು. ಕಪ್ಪು-ಬಿಳುಪಿನ ಚಿತ್ರದಲ್ಲಿ ಯುದ್ಧವು ಯಾವುದೋ ಪುರಾಣಕಾಲದಲ್ಲಿ ನಡೆದುಹೋದಂತೆ ತೋರುತ್ತದೆ. ಅಲ್ಲಿ ಆಕಾಶ ಬೂದಿ, ನೆತ್ತರು ಮಸಿ. ಬಣ್ಣ ಬಂದೊಡನೆ ಆ ದೂರ ಅಳಿದುಹೋಗುತ್ತದೆ. ಇಪ್ಪತ್ತರ ಹುಡುಗನೊಬ್ಬ ಲಾರಿಯ ನೆರಳಿನಲ್ಲಿ ಕುಳಿತು ಮುಖಕ್ಷೌರ ಮಾಡಿಕೊಳ್ಳುತ್ತಿದ್ದಾನೆ. ಬಿಸಿಲಿಗೆ ಮೂಗಿನ ತುದಿ ಸುಲಿದಿದೆ. ಇವನಂಥವನ ಗುಂಡಿಗೇ ನಮ್ಮ ಮನೆಯ ಜೀವವೊಂದು ಹೋಯಿತು. ಮನಸ್ಸು ದ್ವೇಷಿಸಲು ಸಿದ್ಧವಾಗಿತ್ತು, ಕಣ್ಣು ಒಪ್ಪಲಿಲ್ಲ. ಹಾಗಾದರೆ ನಾವು ಕಣ್ಣನ್ನು ನಂಬಬೇಕೇ? ಈ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡುವುದು ನನ್ನ ಉದ್ದೇಶ.

ಜರ್ಮನರು ಕರಾವಳಿಯ ನಮಗೆ ಅಪರಿಚಿತರೇನಲ್ಲ. 1834ರಲ್ಲಿ ಬಾಸೆಲ್ ಮಿಶನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದರು. 1843ರಲ್ಲಿ ಹರ್ಮನ್ ಮೋಗ್ಲಿಂಗರು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. 1865ರಲ್ಲಿ ಮಿಶನ್ ಆರಂಭಿಸಿದ ಹೆಂಚಿನ ಕಾರ್ಖಾನೆಯೇ ಮುಂದೆ ಕುಂದಾಪುರದ ಹೊಳೆದಂಡೆಯಲ್ಲಿ ಎದ್ದ ಕಾರ್ಖಾನೆಗಳಿಗೆಲ್ಲ ಮೇಲ್ಪಂಕ್ತಿ. 1894ರಲ್ಲಿ ಕಿಟ್ಟೆಲರ ನಿಘಂಟು ಬಂತು. ಹೀಗೆ ನಮ್ಮ ತಲೆಯ ಮೇಲಿನ ಮಾಡು, ಮೇಜಿನ ಮೇಲಿನ ಕೋಶ ಎರಡರಲ್ಲಿಯೂ ಜರ್ಮನರ ಬೆವರಿದೆ. 1850ರ ದಶಕದಲ್ಲಿ ಮಂಗಳೂರಿನ ಮಿಶನ್ ನೇಯ್ಗೆಶಾಲೆಯಲ್ಲಿ ಹಾಲರ್ ಎಂಬವರು ತಯಾರಿಸಿದ ಖಾಕಿ ಬಟ್ಟೆಯೂ ಹೆಸರಾಯಿತು. ಪಾರಸಿಯ 'ಖಾಕ್' ಎಂದರೆ ಮಣ್ಣು, ಧೂಳು. ಖಾಕಿಯೆಂದರೆ ಮಣ್ಣಿನ ಬಣ್ಣದ್ದು. ಆದರೆ 1914ರಲ್ಲಿ ಯುದ್ಧ ಸಿಡಿದೊಡನೆ ಈ ಜರ್ಮನರೆಲ್ಲ ಒಮ್ಮೆಲೇ 'ಶತ್ರುದೇಶದ ಪ್ರಜೆ'ಗಳಾದರು. ಅವರಲ್ಲಿ ಅನೇಕರನ್ನು ಅಹ್ಮದ್‌ನಗರದ ಶಿಬಿರದಲ್ಲಿಟ್ಟು, ಬಳಿಕ ಹಡಗು ಹತ್ತಿಸಿ ಕಳುಹಿಸಲಾಯಿತು. ಕಾರ್ಖಾನೆಗಳು ಅನ್ಯರ ಪಾಲಾದವು. ಖಾಕಿ ನೇಯ್ದವರ ಕುಲದವರನ್ನು ಖಾಕಿ ತೊಟ್ಟವರು ಕರೆದೊಯ್ದರು.

ಆ ಪಾದ್ರಿಗಳಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದವರು. ಮೋಗ್ಲಿಂಗರು ಹುಟ್ಟಿದ್ದು ಅಲ್ಲಿನ ಬ್ರಾಕೆನ್‌ಹೈಮ್‌ನಲ್ಲಿ. ಕಿಟ್ಟೆಲರು 1903ರಲ್ಲಿ ಕಣ್ಮುಚ್ಚಿದ್ದು ಅಲ್ಲಿನ ಟ್ಯೂಬಿಂಗೆನ್‌ನಲ್ಲಿ. ಅದೇ ಪ್ರಾಂತದ ರಾಜಧಾನಿ ಸ್ಟುಟ್‌ಗಾರ್ಟಿನವನು ಹಾನ್ಸ್ ಹಿಲ್ಡೆನ್‌ಬ್ರಾಂಡ್ ಎಂಬ ಛಾಯಾಗ್ರಾಹಕ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರನ್ನು ಬಣ್ಣದಲ್ಲಿ ಸೆರೆಹಿಡಿದ ಕೆಲವೇ ಮಂದಿಯಲ್ಲಿ ಆತನೊಬ್ಬ. ಫ್ರಾನ್ಸಿನ ಲ್ಯೂಮಿಯೇರ್ ಸಹೋದರರು 1907ರಲ್ಲಿ ಮಾರುಕಟ್ಟೆಗೆ ತಂದ 'ಆಟೋಕ್ರೋಮ್' ಗಾಜಿನ ಫಲಕಗಳಿಂದ ಆಗ ಬಣ್ಣದ ಚಿತ್ರ ತೆಗೆಯುವುದು ಸಾಧ್ಯವಾಗಿತ್ತು. ಬಟಾಟೆಯ ಹಿಟ್ಟಿನ ಸೂಕ್ಷ್ಮ ಕಣಗಳಿಗೆ ಮೂರು ಬಣ್ಣ ಹಾಕಿ ಗಾಜಿನ ಮೇಲೆ ಹರಡಿದ ವ್ಯವಸ್ಥೆಯದು. ಬೆಳಕನ್ನು ಹೀರಿಕೊಳ್ಳಲು ಆ ಫಲಕಕ್ಕೆ ಹೊತ್ತು ಬೇಕು. ಒಳ್ಳೆಯ ಬಿಸಿಲಿನಲ್ಲಿಯೂ ಸೈನಿಕರು ಉಸಿರು ಬಿಗಿಹಿಡಿದು ನಿಲ್ಲಬೇಕು. ಆದ್ದರಿಂದ ಆತನ ಚಿತ್ರಗಳಲ್ಲಿ ಓಡುವವರಿಲ್ಲ, ಬೀಳುವವರಿಲ್ಲ, ಸಾಯುವವರಿಲ್ಲ. ಮುರಿದ ಮನೆಯ ಮುಂದೆ, ಕಂದಕದ ಅಂಚಿನಲ್ಲಿ, ಗುಂಪಾಗಿ ನಿಂತ ಗಂಭೀರ ಮುಖಗಳಷ್ಟೇ ಇವೆ. ಅವರಲ್ಲಿ ನಮ್ಮ ಪಾದ್ರಿಗಳ ಊರಿನ ಹುಡುಗರೂ ಇದ್ದಿರಬಹುದು. ಯುದ್ಧದಲ್ಲಿ ಯಾವುದು ಚಲಿಸದೆ ನಿಂತಿತ್ತೋ ಅದನ್ನಷ್ಟೇ ಬಣ್ಣ ಹಿಡಿಯಬಲ್ಲದ್ದಾಗಿತ್ತು. ನೋಡುವವರಿಗೆ ಇದು ಮೊದಲ ಎಚ್ಚರಿಕೆ.

ಎರಡನೆಯ ಯುದ್ಧದ ಹೊತ್ತಿಗೆ ಈ ತೊಡಕು ನಿವಾರಣೆಯಾಗಿತ್ತು. 1936ರಲ್ಲಿ ಜರ್ಮನಿಯ ಆಗ್ಫಾ ಸಂಸ್ಥೆ ಚಿಕ್ಕ ಕ್ಯಾಮರಾಗಳಿಗೆ ಒಗ್ಗುವ ಬಣ್ಣದ ಫಿಲ್ಮನ್ನು ಹೊರತಂದಿತ್ತು. ಹಿಟ್ಲರನ ಸೇನೆಯಲ್ಲಿ 'ಪ್ರಚಾರದಳ'ಗಳೆಂಬ ಪ್ರತ್ಯೇಕ ಪಡೆಗಳಿದ್ದವು. ಅವುಗಳ ಛಾಯಾಗ್ರಾಹಕರು ಸೈನಿಕರೇ. ತೆಗೆದ ಚಿತ್ರಗಳನ್ನು ಅವರು ಮೇಲಿನವರಿಗೆ ಒಪ್ಪಿಸಬೇಕು. ಮೇಲಿನವರು ಆರಿಸಿದ್ದಷ್ಟೇ ಲೋಕಕ್ಕೆ. 1940ರ ಏಪ್ರಿಲಿನಲ್ಲಿ ಹುಟ್ಟಿದ 'ಸಿಗ್ನಲ್' ಎಂಬ ಸಚಿತ್ರ ಪತ್ರಿಕೆ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಪ್ರಕಟವಾಗಿ, ಒಂದು ಕಾಲಕ್ಕೆ ಸುಮಾರು 25 ಲಕ್ಷ ಪ್ರತಿಗಳು ಅಚ್ಚಾಗುತ್ತಿದ್ದವು. ಅದರ ಬಣ್ಣದ ಪುಟಗಳಲ್ಲಿ ನಗುವ, ಹಾಡುವ, ಬಿಸಿಲಿಗೆ ಕಂದಿದ ಚೆಲುವ ಹುಡುಗರು. ನಾನು ಕಂಡ ಮುಖಕ್ಷೌರದ ಹುಡುಗನೂ ಅಂಥವರಲ್ಲೊಬ್ಬ. ಅವನನ್ನು ಕಂಡು ನನ್ನ ಮನಸ್ಸು ಕರಗಿತಲ್ಲ, ಆ ಕರಗುವಿಕೆಯೇ ಚಿತ್ರ ತೆಗೆಸಿದವರಿಗೆ ಬೇಕಾಗಿದ್ದುದು. ಎಂಬತ್ತು ವರ್ಷಗಳ ಮೇಲೆಯೂ ಅವರ ಬಾಣ ಗುರಿ ತಪ್ಪಿರಲಿಲ್ಲ.

ಈ ಚಿತ್ರಗಳಲ್ಲಿ ಇನ್ನೊಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಆಫ್ರಿಕಕ್ಕೆ ಬಂದ ಜರ್ಮನ್ ಸೈನಿಕರಿಗೆ ಕೊಟ್ಟದ್ದು ಹಸಿರು ಛಾಯೆಯ ಹತ್ತಿಬಟ್ಟೆಯ ಸಮವಸ್ತ್ರ. ಮರುಭೂಮಿಯ ಬಿಸಿಲಿಗೆ ಅದು ಮಾಸಿ ಮಾಸಿ ಮರಳಿನ ಬಣ್ಣಕ್ಕೆ ತಿರುಗುತ್ತಿತ್ತು. ಎದುರುಬದುರಾಗಿ ನಿಂತ ಎರಡು ಸೇನೆಗಳೂ ಕೊನೆಗೆ ಒಂದೇ ಮಣ್ಣಿನ ಬಣ್ಣವನ್ನು ತೊಟ್ಟವು. ನಮ್ಮ ಕುಂದಾಪುರದ ಕಲಾವಿದನೋ, ತಾನರಿಯದೆಯೇ, ಅಮ್ಮಮ್ಮನ ತಮ್ಮನಿಗೆ ಶತ್ರುವಿನ ಹೊಸ ಅಂಗಿಯನ್ನು ತೊಡಿಸಿಬಿಟ್ಟಿದ್ದ!

ಪ್ರಚಾರದಳದವರು ತೆಗೆದ ಚಿತ್ರಗಳೆಲ್ಲ ಮೇಲಿನವರ ಕೈಸೇರಿದವೇ? ಇಲ್ಲ. ಯೋಹಾನೆಸ್ ಹೇಲೆ ಎಂಬ ಸೈನಿಕ-ಛಾಯಾಗ್ರಾಹಕನ ಕಥೆ ಕೇಳಿ. 1941ರ ಸೆಪ್ಟೆಂಬರ್ 29 ಮತ್ತು 30ರಂದು ಕೀವ್ ನಗರದ ಹೊರವಲಯದ ಬಾಬಿ ಯಾರ್ ಕಣಿವೆಯಲ್ಲಿ ಜರ್ಮನರು 33,771 ಮಂದಿ ಯೆಹೂದ್ಯರನ್ನು ಗುಂಡಿಟ್ಟು ಕೊಂದರು. ಈ ಲೆಕ್ಕ ಕೊಂದವರೇ ಬರೆದಿಟ್ಟದ್ದು. ಅದಾದ ಕೆಲವೇ ದಿನಗಳಲ್ಲಿ ಹೇಲೆ ಅಲ್ಲಿಗೆ ಹೋಗಿ ಬಣ್ಣದ ಫಿಲ್ಮಿನಲ್ಲಿ 29 ಚಿತ್ರಗಳನ್ನು ತೆಗೆದ.  ಶರತ್ಕಾಲದ ತಿಳಿಬಿಸಿಲಿನಲ್ಲಿ, ಕಂದುಮಣ್ಣಿನ ಮೇಲೆ, ಸತ್ತವರು ಕಳಚಿಟ್ಟ ಬಟ್ಟೆಗಳ ಹರವು. ಆ ಬಟ್ಟೆಗಳನ್ನು ಬಗ್ಗಿ ತಡಕುತ್ತಿರುವ ಇಬ್ಬರು ಸಮವಸ್ತ್ರಧಾರಿಗಳು. ಕಪ್ಪು-ಬಿಳುಪಿನಲ್ಲಿ ಅದು ಬರಿಯ ರಾಶಿಯಾಗಿ ಕಾಣುತ್ತಿತ್ತು. ಬಣ್ಣದಲ್ಲಿ ಪ್ರತಿಯೊಂದು ಬಟ್ಟೆಗೂ ಒಬ್ಬ ಒಡೆಯನಿದ್ದನೆಂಬುದು ತಿಳಿಯುತ್ತದೆ. ಹೇಲೆ ಆ ಫಿಲ್ಮನ್ನು ದಳಕ್ಕೆ ಒಪ್ಪಿಸಲಿಲ್ಲ. 1944ರಲ್ಲಿ ಆತ ಯುದ್ಧದಲ್ಲಿ ಸತ್ತ. ಅವನ ಹೆಂಡತಿಯ ಬಳಿ ಉಳಿದಿದ್ದ ಚಿತ್ರಗಳು ಕೈಯಿಂದ ಕೈಗೆ ಸಾಗಿ, 2000ದಲ್ಲಿ ಹಾಂಬುರ್ಗಿನ ಸಮಾಜ ಸಂಶೋಧನ ಸಂಸ್ಥೆಯನ್ನು ಸೇರಿದವು. ಪಶ್ಚಾತ್ತಾಪದಿಂದ ಇಟ್ಟುಕೊಂಡನೋ ಕುತೂಹಲದಿಂದಲೋ, ಫಿಲ್ಮು ಹೇಳುವುದಿಲ್ಲ. ಆದರೆ ಒಪ್ಪಿಸದೆ ಉಳಿದದ್ದರಿಂದಲೇ ಅದು ಇಂದು ಸಾಕ್ಷಿಯಾಗಿ ನಿಂತಿದೆ.

ಇದಕ್ಕೆ ಪ್ರತಿಯಾದ ಇನ್ನೊಂದು ಕಥೆಯಿದೆ. ಅದರ ನಾಯಕ ಸೈನಿಕನಲ್ಲ, ಲೆಕ್ಕಿಗ. ಪೋಲೆಂಡಿನ ಲೋಡ್ಜ್ ನಗರದಲ್ಲಿ ಜರ್ಮನರು 1940ರಲ್ಲಿ ಬೇಲಿ ಹಾಕಿ ಮುಚ್ಚಿದ ಯೆಹೂದ್ಯರ ಕೇರಿಯ ಆಡಳಿತದಲ್ಲಿ ವಾಲ್ಟರ್ ಗೆನೆವೈನ್ ಮುಖ್ಯ ಲೆಕ್ಕಾಧಿಕಾರಿ. ಕೇರಿಯ ಕಾರ್ಖಾನೆಗಳನ್ನು, ದುಡಿಯುವ ಜನರನ್ನು ಆತ ಬಣ್ಣದಲ್ಲಿ ಚಿತ್ರಿಸಿದ. ಅಚ್ಚುಕಟ್ಟಾಗಿ ಸಂಖ್ಯೆ, ಶೀರ್ಷಿಕೆಗಳನ್ನು ಬರೆದಿಟ್ಟ. ಸುಮಾರು 400 ಪಾರದರ್ಶಿಕೆಗಳು 1987ರಲ್ಲಿ ವಿಯೆನ್ನಾದ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ದೊರೆತವು. ಆತ ಆಗ್ಫಾ ಸಂಸ್ಥೆಗೆ ಪತ್ರವನ್ನೂ ಬರೆದಿದ್ದ. ಏನೆಂದು? ಚಿತ್ರಗಳಲ್ಲಿ ಕೆಂಪು ಛಾಯೆ ಹೆಚ್ಚಾಗಿ ಬರುತ್ತಿದೆ, ಕಾರಣ ತಿಳಿಸಿರಿ ಎಂದು! ಸುತ್ತಲೂ ಜನ ಹಸಿವಿನಿಂದ ಸಾಯುತ್ತಿದ್ದರು. ಉಳಿದವರನ್ನು ರೈಲಿಗೆ ತುಂಬಿ ಕೊಲ್ಲಲು ಒಯ್ಯುತ್ತಿದ್ದರು. ಈ ಮನುಷ್ಯನ ಕಣ್ಣಿಗೆ ಬಿದ್ದ ದೋಷ ಅದೊಂದೇ. 1998ರಲ್ಲಿ ಪೋಲೆಂಡಿನ ನಿರ್ದೇಶಕ ದಾರಿಯುಷ್ ಯಾಬ್ವೊನ್ಸ್ಕಿ ಈ ಚಿತ್ರಗಳನ್ನಾಧರಿಸಿ ಸಾಕ್ಷ್ಯಚಿತ್ರವೊಂದನ್ನು ಮಾಡಿದ. ಗೆನೆವೈನ್‌ನ ಚಿತ್ರಗಳು ಅದರಲ್ಲಿ ಬಣ್ಣದಲ್ಲಿಯೇ ಬರುತ್ತವೆ. ಆ ಕೇರಿಯಿಂದ ಬದುಕಿ ಬಂದ ವೈದ್ಯ ಆರ್ನಾಲ್ಡ್ ಮೋಸ್ತೊವಿಚ್ ಮಾತಾಡುವ ಇಂದಿನ ದೃಶ್ಯಗಳು ಮಾತ್ರ ಕಪ್ಪು-ಬಿಳುಪು. ಸತ್ಯ ಬಣ್ಣದ ಕಡೆಗಿಲ್ಲ, ಆ ಮುದುಕನ ಮಾತಿನ ಕಡೆಗಿದೆಯೆಂಬುದನ್ನು ನಿರ್ದೇಶಕ ಇಷ್ಟು ಸರಳವಾಗಿ ತೋರಿಸಿಬಿಟ್ಟಿದ್ದಾನೆ.

ಹಾಗೆಂದು, ಚಿತ್ರದ ಹಿಂದಿನ ಕಥೆಯನ್ನು ಯಾರು ಏನು ಹೇಳಿದರೂ ಒಪ್ಪಿಬಿಡಬೇಕೆಂದಲ್ಲ. 1995ರಲ್ಲಿ ಅದೇ ಹಾಂಬುರ್ಗಿನ ಸಂಸ್ಥೆ ಜರ್ಮನ್ ಸೇನೆಯ ಅಪರಾಧಗಳನ್ನು ಕುರಿತ ಪ್ರದರ್ಶನವೊಂದನ್ನು ಏರ್ಪಡಿಸಿತು. ಸಾಮಾನ್ಯ ಸೈನಿಕರ ಜೇಬುಗಳಲ್ಲಿದ್ದ ಚಿತ್ರಗಳೂ ಅಲ್ಲಿದ್ದವು. ತಂದೆ, ಅಜ್ಜಂದಿರ ಮುಖಗಳನ್ನು ಗೋಡೆಯ ಮೇಲೆ ಹುಡುಕುವ ಪ್ರಸಂಗ ಜನರಿಗೆ ಬಂತು, ದೇಶವೇ ಕಲಕಿಹೋಯಿತು. ಕೆಲವು ಚಿತ್ರಗಳ ವಿವರಣೆಗಳು ತಪ್ಪೆಂದು, ಅವುಗಳಲ್ಲಿ ಕಾಣುವ ಹೆಣಗಳು ಸೋವಿಯೆತ್ ಪೊಲೀಸರು ಕೊಂದವರದ್ದೆಂದು ವಿದ್ವಾಂಸರು ತೋರಿಸಿಕೊಟ್ಟಾಗ, 1999ರಲ್ಲಿ ಪ್ರದರ್ಶನವನ್ನು ಹಿಂತೆಗೆದುಕೊಂಡರು. ಪರಿಶೀಲನ ಸಮಿತಿ ತಪ್ಪುಗಳನ್ನು ಗುರುತಿಸಿತು. ಆದರೆ ಸೇನೆ ಅಪರಾಧಗಳಲ್ಲಿ ಭಾಗಿಯಾಗಿತ್ತೆಂಬ ಮೂಲವಾದ ಸರಿಯೆಂದು ಹೇಳಿತು. 2001ರಲ್ಲಿ ತಿದ್ದಿದ ಪ್ರದರ್ಶನ ಮತ್ತೆ ತೆರೆಯಿತು. ಹಳೆಯ ಕಾವ್ಯಗಳ ಪಾಠಾಂತರಗಳನ್ನು ಹೋಲಿಸುತ್ತ ಆಯುಷ್ಯ ಕಳೆದ ನನ್ನಂಥವನಿಗೆ ಇದು ಪರಿಚಿತವಾದ ದಾರಿಯೇ. ಒಂದು ಓಲೆ ತಪ್ಪೆಂದು ಕಾವ್ಯವನ್ನೇ ಎಸೆಯುವವನು ಮೂರ್ಖ; ತಪ್ಪನ್ನು ತಿದ್ದದೆ ಅಚ್ಚಿಗೆ ಕೊಡುವವನು ಅಪ್ರಾಮಾಣಿಕ.

ಇಂದು ಕಪ್ಪು-ಬಿಳುಪಿನ ಚಿತ್ರಗಳಿಗೆ ಗಣಕಯಂತ್ರವೇ ಕ್ಷಣಮಾತ್ರದಲ್ಲಿ ಬಣ್ಣ ತುಂಬಿಕೊಡುತ್ತದೆ. ಅದು ಕುಂದಾಪುರದ ನಮ್ಮ ಕಲಾವಿದನ ಹಾಗೆಯೇ: ಮನುಷ್ಯನನ್ನು ಕಂಡಿಲ್ಲ, ಊಹೆಯಿಂದ ಬಳಿಯುತ್ತದೆ. ಆಟೋಕ್ರೋಮ್, ಆಗ್ಫಾ ಚಿತ್ರಗಳ ಬಣ್ಣ ಹಾಗಲ್ಲ, ಅದು ಬೆಳಕೇ ಬರೆದ ಬಣ್ಣ. ಎರಡನ್ನೂ ಒಂದೇ ಸಾಲಿನಲ್ಲಿ ತೂಗಹಾಕಿದರೆ ನೋಡುವವರಿಗೆ ವ್ಯತ್ಯಾಸ ತಿಳಿಯದು. ನಮ್ಮ ಕುಂದಾಪುರದ ಕನ್ನಡದಲ್ಲಿ 'ನೋಡಿ' ಎನ್ನುವ ರೂಢಿ ಕಡಿಮೆ, 'ಕಾಣಿ' ಎನ್ನುತ್ತೇವೆ. ನೋಡುವುದಕ್ಕೆ ಕಣ್ಣು ಸಾಕು. ಕಾಣುವುದಕ್ಕೆ, ಚಿತ್ರ ತೆಗೆದವನು ಯಾರು, ಯಾರಿಗಾಗಿ ತೆಗೆದ, ಚೌಕಟ್ಟಿನ ಹೊರಗೆ ಏನನ್ನು ಬಿಟ್ಟ ಎಂದು ಕೇಳಬೇಕು. ಒಮ್ಮೆಯಾದರೂ ಚಿತ್ರವನ್ನು ತಿರುಗಿಸಿ ಅದರ ಹಿಂಬದಿಯನ್ನು ಓದಬೇಕು.

ಅಮ್ಮಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಓದಲು ಕಲಿತ ಮೇಲೆ ಪೆಟ್ಟಿಗೆಯ ಆ ಚಿಕ್ಕ ಪಟವನ್ನು ನನ್ನ ಕೈಗೆ ಕೊಟ್ಟು, ಹಿಂದೆ ಬರೆದುದನ್ನು ಓದಿಸುತ್ತಿದ್ದರು. ಪೆನ್ಸಿಲಿನಲ್ಲಿ ಮೂರೇ ಸಾಲು: "ಅಕ್ಕನಿಗೆ. ಹೊಸ ಬೂಟು ಕಾಲನ್ನು ಕಚ್ಚುತ್ತದೆ. ಅಂಗಿಯ ಬಣ್ಣ, ಕೊಯ್ಲು ಮುಗಿದ ಮೇಲೆ ನಮ್ಮ ಗದ್ದೆಯ ಒಣಮಣ್ಣು ಇರುತ್ತದಲ್ಲ, ಹಾಗಿದೆ." ಯಾವ ಬಣ್ಣವೆಂಬುದನ್ನು ಅವರೇ ಬರೆದು ಕಳುಹಿಸಿದ್ದರು. ಪಟವನ್ನು ವಾರಗಟ್ಟಲೆ ಎದುರಿಟ್ಟುಕೊಂಡು ಬಣ್ಣ ಹಾಕಿದ ಆ ಕಲಾವಿದ ಅದನ್ನೊಮ್ಮೆ ತಿರುಗಿಸಿ ನೋಡಿರಲಿಲ್ಲ.

ಅಜ್ಜಿಮನೆ ಈಗಿಲ್ಲ. ಚಾವಡಿಯ ದೊಡ್ಡ ಪಟ ಒರಲೆಯ ಪಾಲಾಯಿತು. ಚಿಕ್ಕದು ನನ್ನ ಬಳಿಯಿದೆ. ಅದಕ್ಕೆ ನಾನು ಬಣ್ಣ ಹಾಕಿಸಿಲ್ಲ.