ದೆಹಲಿಗೆ ಕೇಳುವ ನ್ಯಾಯ ಗುಡ್ಡಗಾಡಿಗೂ ಸಲ್ಲಲಿ

(ಯುವ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಹಿಂದಿ ಹೇರಬೇಡಿ, ತೆರಿಗೆಯಲ್ಲಿ ನಮ್ಮ ಪಾಲು ಕೊಡಿ, ನಮ್ಮ ನೆಲದ ತೀರ್ಮಾನ ನಮಗೆ ಬಿಡಿ ಎಂದು ನಾವು ದೆಹಲಿಯ ಬಾಗಿಲು ಬಡಿಯುತ್ತಲೇ ಬಂದಿದ್ದೇವೆ. ನ್ಯಾಯವಾದ ಬೇಡಿಕೆ. ಆದರೆ ಇಂದು ನಿಮ್ಮ ಮುಂದೆ ಒಂದು ಪ್ರಶ್ನೆ ಇಡುತ್ತೇನೆ. ದೆಹಲಿಯಿಂದ ಅಧಿಕಾರ ಕೇಳುವ ರಾಜ್ಯ, ತನ್ನೊಳಗಿನ ಸಣ್ಣ ಜನಸಮುದಾಯಗಳಿಗೆ ಅದೇ ಅಧಿಕಾರ ಕೊಡಬೇಕೋ ಬೇಡವೋ? ಒಕ್ಕೂಟ ವ್ಯವಸ್ಥೆ ಎಂಬುದು ರಾಜ್ಯದ ರಾಜಧಾನಿಗೆ ಬಂದು ಅಲ್ಲೇ ನಿಂತುಬಿಡಬೇಕೆ? ಉತ್ತರ ಬೇಕಾದರೆ ಅಸ್ಸಾಮಿನ ಚರಿತ್ರೆಯನ್ನು ನೋಡಿ.

1947ರಲ್ಲಿ ಸಂವಿಧಾನ ಸಭೆಯ ಕೆಲಸದ ಭಾಗವಾಗಿ ಈಶಾನ್ಯದ ಬುಡಕಟ್ಟು ಪ್ರದೇಶಗಳಿಗೆಂದು ಒಂದು ಉಪಸಮಿತಿ ರಚನೆಯಾಯಿತು. ಅಂದಿನ ಅಸ್ಸಾಂ ಸರ್ಕಾರದ ಮುಖ್ಯಸ್ಥ ಗೋಪಿನಾಥ ಬರ್ದೊಲೊಯಿ ಅದರ ಅಧ್ಯಕ್ಷರು. ಖಾಸಿ ಜನರ ನಾಯಕ ಜೆ.ಜೆ.ಎಂ. ನಿಕೋಲ್ಸ್ ರಾಯ್ ಅದರ ಸದಸ್ಯರು. ಗಮನಿಸಿ, ಬಯಲುಸೀಮೆಯ ಬಹುಸಂಖ್ಯಾತರ ನಾಯಕರೇ ಗುಡ್ಡದ ಜನರಿಗೆ ಸ್ವಾಯತ್ತತೆ ಕೊಡಿ ಎಂದು ಶಿಫಾರಸು ಮಾಡಿದರು! 1949ರ ಸೆಪ್ಟೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಬಿಸಿಬಿಸಿ ಚರ್ಚೆಯಾಯಿತು. ವಿರೋಧಿಸಿದವರೂ ಇದ್ದರು. ಡಾ. ಅಂಬೇಡ್ಕರ್ ಅದನ್ನು ಸಮರ್ಥಿಸಿ ನಿಂತರು. ಹೀಗೆ ಬಂದದ್ದು ಸಂವಿಧಾನದ ಆರನೇ ಅನುಸೂಚಿ.

ಅದರಲ್ಲಿ ಏನಿದೆ? ಗುಡ್ಡಗಾಡು ಜಿಲ್ಲೆಗಳಿಗೆ ಸ್ವಾಯತ್ತ ಜಿಲ್ಲಾ ಪರಿಷತ್ತು. ಭೂಮಿ ಹಂಚಿಕೆ, ಮೀಸಲಲ್ಲದ ಅರಣ್ಯ, ಕುಮರಿ ಬೇಸಾಯ, ಊರಿನ ಆಡಳಿತ, ಮದುವೆ, ಆಸ್ತಿಯ ಉತ್ತರಾಧಿಕಾರ, ಇವುಗಳ ಬಗ್ಗೆ ಪರಿಷತ್ತು ಕಾನೂನು ಮಾಡಬಹುದು. ಕೆಲವು ತೆರಿಗೆ ಹಾಕಬಹುದು. ಬುಡಕಟ್ಟು ಜನರ ನಡುವಿನ ವ್ಯಾಜ್ಯಕ್ಕೆ ನ್ಯಾಯಾಲಯ ಸ್ಥಾಪಿಸಬಹುದು. ಇನ್ನೊಂದು ಮಾತು ನಿಮ್ಮ ಕಿವಿಗೆ ಬೀಳಲೇಬೇಕು. ಪ್ರಾಥಮಿಕ ಶಾಲೆಯಲ್ಲಿ ಯಾವ ಭಾಷೆಯಲ್ಲಿ ಕಲಿಸಬೇಕೆಂದು ರಾಜ್ಯಪಾಲರ ಒಪ್ಪಿಗೆ ಪಡೆದು ಪರಿಷತ್ತೇ ನಿಯಮ ಮಾಡಬಹುದು. ಶಾಲೆಯ ಭಾಷೆಯ ಬೆಲೆ ಏನೆಂದು ನಮಗೆ ಹೇಳಿಕೊಡಬೇಕಿಲ್ಲ. ಗೋಕಾಕ್ ಚಳವಳಿ ಕಂಡ ನಾಡು ಇದು. ತಾಯ್ನುಡಿಯ ಕಲಿಕೆಗಾಗಿ ಸುಪ್ರೀಂ ಕೋರ್ಟಿನವರೆಗೂ ಹೋಗಿ 2014ರಲ್ಲಿ ಸೋತುಬಂದ ನಾಡೂ ಹೌದು.

ಒಂದು ಭಾಷಾ ಕಾಯ್ದೆಯ ಪಾಠ

ಬರ್ದೊಲೊಯಿ 1950ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ, 1960ರಲ್ಲಿ, ಅಸ್ಸಾಂ ಸರ್ಕಾರ ಅಸ್ಸಾಮಿಯನ್ನು ಆಡಳಿತ ಭಾಷೆಯಾಗಿ ಮಾಡಲು ಹೊರಟಿತು. ತಪ್ಪೇನು ಎಂದು ನೀವು ಕೇಳಬಹುದು. ನಾವೂ ಕನ್ನಡಕ್ಕೆ ಅದನ್ನೇ ಮಾಡಿದೆವಲ್ಲ! ಆ ಕಾಯ್ದೆಯಲ್ಲಿ ಗುಡ್ಡದ ಜಿಲ್ಲೆಗಳಿಗೆ ರಕ್ಷಣೆಯ ಕಲಮೂ ಇತ್ತು. ಆದರೂ ಗುಡ್ಡದ ಜನ ನಂಬಲಿಲ್ಲ. ಖಾಸಿ, ಗಾರೋ, ಮಿಜೋ ನಾಯಕರು ಅದೇ ವರ್ಷ ಒಂದಾಗಿ ಪ್ರತ್ಯೇಕ ರಾಜ್ಯ ಕೇಳಿದರು. ಪರಿಷತ್ತುಗಳನ್ನು ಕಾಗದದ ಮೇಲೆ ಇಟ್ಟು ನಿಜವಾದ ಅಧಿಕಾರವನ್ನು ರಾಜ್ಯ ತನ್ನ ಬಳಿಯೇ ಉಳಿಸಿಕೊಂಡಿದೆ ಎಂಬ ಅಸಮಾಧಾನ ಆಗಲೇ ಹೆಪ್ಪುಗಟ್ಟಿತ್ತು. 1970ರಲ್ಲಿ ಮೇಘಾಲಯ ಅಸ್ಸಾಮಿನೊಳಗೇ ಸ್ವಾಯತ್ತ ರಾಜ್ಯವಾಯಿತು. 1972ರಲ್ಲಿ ಪೂರ್ಣ ರಾಜ್ಯವಾಗಿ ಹೊರಬಂತು. ಮಿಜೋ ಗುಡ್ಡಗಳಲ್ಲಿ 1966ರಲ್ಲಿ ಬಂಡಾಯ ಎದ್ದಿತು, ನಮ್ಮದೇ ವಾಯುಪಡೆ ಐಜಾಲ್ ಪಟ್ಟಣದ ಮೇಲೆ ದಾಳಿ ಮಾಡಿತು. 1986ರಲ್ಲಿ ಒಪ್ಪಂದವಾಗಿ 1987ರಲ್ಲಿ ಮಿಜೋರಾಂ ರಾಜ್ಯವಾಗುವ ಹೊತ್ತಿಗೆ ಎರಡು ದಶಕ ಕಳೆದಿತ್ತು.

ದೇಶ ಒಡೆಯುವುದು ಸ್ವಾಯತ್ತತೆ ಕೊಟ್ಟಾಗಲೋ, ಕೊಟ್ಟಂತೆ ಮಾಡಿ ಕೊಡದಿದ್ದಾಗಲೋ? ನೀವೇ ತೀರ್ಮಾನಿಸಿ.

ಹಾಗೆಂದು ಆರನೇ ಅನುಸೂಚಿ ಸರ್ವರೋಗಕ್ಕೆ ಮದ್ದಲ್ಲ. ಪರಿಷತ್ತಿನ ಕಾನೂನಿಗೆ ರಾಜ್ಯಪಾಲರ ಸಹಿ ಬೇಕು. ಹಣಕ್ಕೆ ರಾಜ್ಯ ಸರ್ಕಾರದ ಮುಂದೆ ಕೈಚಾಚಬೇಕು. ಮೇಘಾಲಯದಲ್ಲಿ ಪರಿಷತ್ತಿನ ಕಾನೂನೂ ರಾಜ್ಯದ ಕಾನೂನೂ ಒಂದಕ್ಕೊಂದು ವಿರುದ್ಧವಾದರೆ ಗೆಲ್ಲುವುದು ರಾಜ್ಯದ್ದೇ. ಇನ್ನು, ಅಧಿಕಾರ ಸಿಕ್ಕ ಸಮುದಾಯದ ಪಕ್ಕದಲ್ಲಿ ಬದುಕುವ ಇತರರ ಗತಿ? 2003ರಲ್ಲಿ ಬೋಡೋ ಜನರಿಗೆ ಪರಿಷತ್ತು ಸಿಕ್ಕಿತು, ಬೋಡೋ ಭಾಷೆ ಎಂಟನೇ ಅನುಸೂಚಿಗೆ ಸೇರಿತು. 2012ರಲ್ಲಿ ಅದೇ ನೆಲದಲ್ಲಿ ಬೋಡೋಗಳಿಗೂ ಮುಸ್ಲಿಮರಿಗೂ ಘರ್ಷಣೆ ನಡೆದು ಲಕ್ಷಾಂತರ ಜನ ಮನೆ ಬಿಟ್ಟರು. ಆ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಯುವಜನ ನಮ್ಮ ಬೆಂಗಳೂರಿನಿಂದಲೇ ರೈಲು ಹತ್ತಿ ಹೋದರು. ಗುಡ್ಡದ ಪ್ರಶ್ನೆ ದೂರದ್ದು ಎನ್ನುವವರು ಅದನ್ನು ನೆನಪಿಡಲಿ.

ನಮ್ಮ ಮನೆಯೊಳಗೆ ನೋಡೋಣ

ಆರನೇ ಅನುಸೂಚಿ ಇರುವುದು ಅಸ್ಸಾಂ, ಮೇಘಾಲಯ, ತ್ರಿಪುರ, ಮಿಜೋರಾಂ ರಾಜ್ಯಗಳಿಗೆ ಮಾತ್ರ. ಉಳಿದ ಕಡೆಯ ಬುಡಕಟ್ಟು ಪ್ರದೇಶಗಳಿಗೆ ಐದನೇ ಅನುಸೂಚಿ ಇದೆ. ಕರ್ನಾಟಕದಲ್ಲಿ ಹಾಗೆ ಘೋಷಿತವಾದ ಪ್ರದೇಶ ಒಂದೂ ಇಲ್ಲ. ಆದ್ದರಿಂದ ಗ್ರಾಮಸಭೆಗೆ ಬಲ ಕೊಡುವ 1996ರ ಪೆಸಾ ಕಾಯ್ದೆಯೂ ಇಲ್ಲಿಗೆ ಬರಲಿಲ್ಲ. ಸೋಲಿಗರಿದ್ದಾರೆ, ಜೇನುಕುರುಬರಿದ್ದಾರೆ, ಕೊರಗರಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಮುದಾಯದ ಹಕ್ಕುಪತ್ರ ಪಡೆದದ್ದು ಹೋರಾಟದ ಫಲ. ಅದನ್ನು ನಮ್ಮ ಗೆಲುವೆಂದು ನಾವು ಎಷ್ಟು ಮಂದಿ ಸಂಭ್ರಮಿಸಿದೆವು?

ಗೆಳೆಯರೇ, ಕನ್ನಡಕ್ಕೆ ಕನ್ನಡನಾಡಿನಲ್ಲಿ ಅಗ್ರಸ್ಥಾನ ಬೇಕೇ ಬೇಕು. ಅದರಲ್ಲಿ ರಾಜಿಯಿಲ್ಲ. ಆದರೆ ಕೊರಗರ ಮಗುವಿನ ನುಡಿ, ಸೋಲಿಗರ ಕಾಡು ಕನ್ನಡದ ಶತ್ರುಗಳಲ್ಲ. ದೆಹಲಿ ನಮಗೆ ಮಾಡಿದ್ದನ್ನು ನಾವು ಅವರಿಗೆ ಮಾಡಿದರೆ, ದೆಹಲಿಯ ಮುಂದೆ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಮುಂದಿನ ಸಲ ರಾಜ್ಯಗಳ ಹಕ್ಕಿಗಾಗಿ ಬೀದಿಗಿಳಿದಾಗ ನಿಮ್ಮ ಬೇಡಿಕೆಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಿ: ನಮ್ಮ ಬುಡಕಟ್ಟುಗಳ ನೆಲ, ನುಡಿ, ಕಾಡಿನ ತೀರ್ಮಾನ ಅವರದೇ ಆಗಲಿ.

ಜೈ ಕರ್ನಾಟಕ!