ಕಸವಾಗುವ ಮುನ್ನ

(ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಮತ್ತು ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಶಾಲೆಯ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನೂರು ವರ್ಷ ತುಂಬಿದ ಶಾಲೆಯ ಹಬ್ಬದಲ್ಲಿ ಕಸದ ವಿಷಯವನ್ನು ಎತ್ತಿಕೊಂಡದ್ದಕ್ಕೆ ಮೊದಲಿಗೆ ತಮ್ಮ ಕ್ಷಮೆ ಕೋರುತ್ತೇನೆ. ನಾಡು ನುಡಿಯ ಬಗ್ಗೆ ಅಧಿಕಾರದಿಂದ ಮಾತನಾಡಬಲ್ಲ ವಿದ್ವಾಂಸರು ಈ ಸಭೆಯಲ್ಲಿದ್ದಾರೆ. ನನ್ನ ಪಾಲಿಗೆ ಮನೆಯ ಮಾತೇ ಉಳಿಯಿತು. ಮನೆಯ ಮಾತನ್ನು ಮನೆಯವರ ಮುಂದಲ್ಲದೆ ಇನ್ನೆಲ್ಲಿ ಆಡಲಿ?

ಈ ಶಾಲೆ ಆರಂಭವಾದಾಗ ನಮ್ಮ ಹೊಸೂರು ಸೀಮೆ ಸೇಲಂ ಜಿಲ್ಲೆಗೆ ಸೇರಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯೂ ಆಯಿತು. ಈ ಬದಲಾವಣೆಗಳೆಲ್ಲ ಸರಕಾರದ ದಾಖಲೆಗಳಲ್ಲಿವೆ. ಇದೇ ಅವಧಿಯಲ್ಲಿ ನಮ್ಮ ಮನೆಗಳ ಹಿತ್ತಿಲಿನಲ್ಲಿ ನಡೆದ ಇನ್ನೊಂದು ಬದಲಾವಣೆಯನ್ನು ಯಾರೂ ಬರೆದಿಡಲಿಲ್ಲ. ತಿಪ್ಪೆ ಹೋಗಿ ಕಸದ ರಾಶಿ ಬಂದಿತು.

ತಿಪ್ಪೆ ಎಂಬುದು ಇಂದಿನ ಮಕ್ಕಳಿಗೆ ಬೈಗುಳದಂತೆ ಕೇಳಿಸುತ್ತದೆ. ನಮ್ಮ ಅಜ್ಜಿಯರಿಗೆ ಅದು ಆಸ್ತಿಯಾಗಿತ್ತು. ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ಒಲೆಯ ಬೂದಿ, ತರಕಾರಿಯ ಸಿಪ್ಪೆ, ಅಂಗಳದ ತರಗೆಲೆ ಎಲ್ಲವೂ ಅಲ್ಲಿ ಕೂಡಿ ಕಳಿತು, ಮಳೆಗಾಲಕ್ಕೆ ಮುಂಚೆ ಗಾಡಿಯೇರಿ ರಾಗಿಯ ಹೊಲ ಸೇರುತ್ತಿದ್ದವು. ಅಕ್ಕಿ ತೊಳೆದ ನೀರು, ಮಿಕ್ಕ ಗಂಜಿ ಕಲಗಚ್ಚಿನ ಬಾನಿಗೆ ಬಿದ್ದು ದನಗಳ ಪಾಲಾಗುತ್ತಿದ್ದವು. ಹಳೆಯ ಸೀರೆ ಮೊದಲು ಕೂಸಿನ ತೊಟ್ಟಿಲಾಗಿ, ಆಮೇಲೆ ಹಾಸುಬಟ್ಟೆಯಾಗಿ, ಕಡೆಗೆ ಒಲೆಯ ಬಳಿಯ ಮಸಿಬಟ್ಟೆಯಾಗಿ ತನ್ನ ಆಯುಷ್ಯ ಮುಗಿಸುತ್ತಿತ್ತು. ದೀಪಾವಳಿಯ ದಿನ ತಿಪ್ಪೆಗೂ ಒಂದು ದೀಪ ಇಡುವ ಪದ್ಧತಿ ಕನ್ನಡ ಸೀಮೆಯ ಹಲವು ಹಳ್ಳಿಗಳಲ್ಲಿತ್ತು. ಹಿಂದಿನವರ ಬಡತನವನ್ನು ಹೊಗಳುವ ಇಚ್ಛೆ ನನಗಿಲ್ಲ. ಕೊಳೆಯದ ವಸ್ತು ಅವರ ಮನೆಗೆ ಬರುತ್ತಲೇ ಇರಲಿಲ್ಲವಾದ್ದರಿಂದ, ಎಲ್ಲವನ್ನೂ ಒಂದೇ ಕಡೆ ಸುರಿದರೂ ಅವರಿಗೆ ನಡೆಯುತ್ತಿತ್ತು. ಅವರ ಆ ಅಭ್ಯಾಸವನ್ನು ನಾವು ಉಳಿಸಿಕೊಂಡೆವು, ಆದರೆ ಸುರಿಯುವ ವಸ್ತು ಬದಲಾಯಿತು.

ಈ ಬದಲಾವಣೆ ನನಗೆ ಅರ್ಥವಾದದ್ದು ಒಂದು ತಪ್ಪಿನಿಂದ. ಆ ತಪ್ಪು ನನ್ನದೇ. ಹಲವು ವರ್ಷಗಳ ಹಿಂದಿನ ಮಾತು. ಬೆಳಿಗ್ಗೆ ಶಾಲೆಗೆ ಹೊರಡುವ ಅವಸರದಲ್ಲಿ ತರಕಾರಿಯ ಸಿಪ್ಪೆ, ಮಿಕ್ಕ ಅನ್ನ, ಕಾಗದದ ಚೂರು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿ, ಬಿಗಿಯಾಗಿ ಗಂಟು ಹಾಕಿ, ಬೀದಿಯ ಮೂಲೆಯಲ್ಲಿ ಇಟ್ಟು ಹೋಗುತ್ತಿದ್ದೆ. ಮನೆ ಶುಚಿಯಾಯಿತು ಎಂಬ ಸಮಾಧಾನ ನನ್ನದು. ನಮ್ಮ ಬೀದಿಯಲ್ಲಿ ಒಂದೇ ಹಸುವಿನ ಹಾಲಿನಿಂದ ಸಂಸಾರ ನಡೆಸುತ್ತಿದ್ದ ಅಜ್ಜಿಯೊಬ್ಬರಿದ್ದರು. ಒಂದು ದಿನ ಆ ಹಸು ಮೇವು ಬಿಟ್ಟಿತು, ಹೊಟ್ಟೆ ಉಬ್ಬಿತು. ಪಶುವೈದ್ಯರು ಹೊಟ್ಟೆ ಕೊಯ್ದು ಕವರುಗಳ ದೊಡ್ಡ ಉಂಡೆಯನ್ನೇ ಹೊರತೆಗೆದರು. ಹಸು ಉಳಿಯಲಿಲ್ಲ. ಅದರಲ್ಲಿ ನನ್ನ ಮನೆಯ ಕವರುಗಳು ಎಷ್ಟಿದ್ದವೋ ಬಲ್ಲವರಿಲ್ಲ. ನಾನು ನೋಡಲು ಹೋದಾಗ ಆ ಅಜ್ಜಿ ಬೈಯಲಿಲ್ಲ, ಅಳಲೂ ಇಲ್ಲ. "ಅದು ತಿನ್ನೋದನ್ನ ಒಳಗಿಟ್ಟು ಯಾಕೆ ಟೀಚರಮ್ಮಾ ಗಂಟು ಹಾಕ್ತೀರಾ?" ಎಂದು ಮಾತ್ರ ಕೇಳಿದರು.

ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ನನಗೆ ಅಂದು ಉತ್ತರ ಹೊಳೆಯಲಿಲ್ಲ. ಆಮೇಲೆ ಯೋಚಿಸಿದಾಗ ತಿಳಿದದ್ದು ಇಷ್ಟು. ಸಿಪ್ಪೆ ಕಸವಲ್ಲ, ಅದು ಮೇವು ಅಥವಾ ಗೊಬ್ಬರ. ತೊಳೆದು ಒಣಗಿಸಿಟ್ಟ ಕವರು ಗುಜರಿಗೆ ಹೋಗಬಲ್ಲ ವಸ್ತು. ಎರಡನ್ನೂ ಸೇರಿಸಿ ಗಂಟು ಕಟ್ಟಿದ ನನ್ನ ಕೈಯೇ ಎರಡನ್ನೂ ಕಸವಾಗಿಸಿತು. ಬಂಧುಗಳೇ, ನಾನು ಇಂದು ಹೇಳಬೇಕಾದ ಮಾತು ಇದೊಂದೇ. ಕಸ ಬೀದಿಯಲ್ಲಿ ಹುಟ್ಟುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ, ಬೆರೆಸುವ ಆ ಒಂದು ಕ್ಷಣದಲ್ಲಿ ಅದು ಹುಟ್ಟುತ್ತದೆ.

ಬೆರೆಸಿದ ಕಸದ ಗತಿ ಏನೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಇಲ್ಲಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದ ಬೆಂಗಳೂರು ತನ್ನ ಕಸವನ್ನು ಹೊರವಲಯದ ಮಾವಳ್ಳಿಪುರ, ಮಂಡೂರು ಮುಂತಾದ ಹಳ್ಳಿಗಳ ಬಳಿ ಸುರಿಯುತ್ತಿತ್ತು. ಆ ಹಳ್ಳಿಗಳ ಜನ ದುರ್ನಾತ, ನೊಣ, ಕೆಟ್ಟ ನೀರು ಇವುಗಳ ನಡುವೆ ಬದುಕಿದರು. 2012ರಲ್ಲಿ ಮಾವಳ್ಳಿಪುರದ ದಾರಿ ಮುಚ್ಚಿದಾಗ ಮಹಾನಗರದ ಬೀದಿಗಳಲ್ಲೇ ಕಸ ಕೊಳೆತು ನಿಂತಿತು. ಮಂಡೂರಿನವರು ಹೋರಾಟ ನಡೆಸಿದ ಮೇಲೆ 2014ರ ಕೊನೆಗೆ ಅಲ್ಲಿಯೂ ಕಸ ಸುರಿಯುವುದು ನಿಂತಿತು. ಕರ್ನಾಟಕದ ಉಚ್ಚ ನ್ಯಾಯಾಲಯದ ನಿರ್ದೇಶನದಿಂದ, ಮನೆಯಲ್ಲೇ ಕಸ ಬೇರ್ಪಡಿಸುವುದು ಆ ನಗರದಲ್ಲಿ ಕಡ್ಡಾಯವಾಯಿತು. ನಮ್ಮ ಹೊಸೂರೂ ಈಗ ಮಹಾನಗರವಾಗುತ್ತಿದೆ. ನಾವು ಹೀಗೆಯೇ ಗಂಟು ಕಟ್ಟುತ್ತ ಹೋದರೆ ನಮ್ಮ ಪಾಲಿನ ಮಂಡೂರು ಯಾವ ಹಳ್ಳಿಯಾದೀತು? ಆ ಹಳ್ಳಿಯ ಮಕ್ಕಳೂ ಇದೇ ಶಾಲೆಗೆ ಬರುವವರಾಗಿರಬಹುದು.

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಬರುವ ದಕ್ಷಿಣ ಪಿನಾಕಿನಿಯನ್ನೂ ನೆನೆಯೋಣ. ಮಳೆ ಬಂದು ನೀರು ಹೆಚ್ಚಿದಾಗ ಕೆಲವರಪಲ್ಲಿ ಜಲಾಶಯದ ಕೆಳಗೆ ನೊರೆಯ ರಾಶಿ ಏಳುವುದನ್ನು ನಾವೆಲ್ಲ ನೋಡಿದ್ದೇವೆ. ಮೇಲಿನವರು ಕೊಳಚೆಯನ್ನು ಬಿಟ್ಟರು ಎಂದು ನೊಂದಿದ್ದೇವೆ. ಆ ನೋವು ನ್ಯಾಯವಾದದ್ದೇ. ಆದರೆ ನದಿ ನಮ್ಮಲ್ಲಿಗೇ ನಿಲ್ಲುವುದಿಲ್ಲ. ಕೃಷ್ಣಗಿರಿ ಅಣೆಕಟ್ಟಿಗೆ, ಅಲ್ಲಿಂದ ಸಾತನೂರಿಗೆ, ಕಡಲೂರಿನ ಸಮುದ್ರಕ್ಕೆ ಹೋಗುತ್ತದೆ. ಬೆಂಗಳೂರಿಗೆ ಕೆಳಗಿನವರಾದ ನಾವು ಕೃಷ್ಣಗಿರಿಯವರಿಗೆ ಮೇಲಿನವರು. ಚರಂಡಿಗೆ, ರಾಜಕಾಲುವೆಗೆ ನಾವು ಎಸೆದದ್ದು ಅವರ ಬಾಗಿಲಿಗೆ ಹೋಗುತ್ತದೆ.

ಇನ್ನು ಮಾಡಬೇಕಾದದ್ದೇನು? ನಾನು ನನ್ನ ಮನೆಯಲ್ಲಿ ನಡೆಸಿಕೊಂಡು ಬಂದಿರುವ ಕೆಲವು ರೂಢಿಗಳನ್ನಷ್ಟೇ ಹೇಳುತ್ತೇನೆ.

ಮೊದಲನೆಯದು, ಹೊಸ್ತಿಲಿನಲ್ಲೇ ತಡೆಯುವುದು. ಬಾಗಿಲ ಹಿಂದಿನ ಮೊಳೆಗೆ ಎರಡು ಬಟ್ಟೆ ಚೀಲಗಳು ಸದಾ ತೂಗುತ್ತಿರಲಿ. ತಮಿಳುನಾಡು ಸರಕಾರ 2019ರ ಜನವರಿ 1ರಿಂದ ಪ್ಲಾಸ್ಟಿಕ್ ಕೈಚೀಲ, ಲೇಪನವಿರುವ ಕಾಗದದ ಲೋಟ, ಥರ್ಮೋಕೋಲ್ ತಟ್ಟೆ, ಊಟದ ಮೇಜಿಗೆ ಹಾಸುವ ಹಾಳೆ ಮುಂತಾದ 14 ಬಗೆಯ ವಸ್ತುಗಳನ್ನು ನಿಷೇಧಿಸಿದೆ. 2021ರ ಡಿಸೆಂಬರಿನಲ್ಲಿ ಹಳದಿ ಬಟ್ಟೆಯ ಚೀಲವನ್ನು ಮರಳಿ ಬಳಕೆಗೆ ತರುವ 'ಮಂಜಪ್ಪೈ' ಆಂದೋಲನವನ್ನೂ ಆರಂಭಿಸಿತು. ಮದುವೆ ಮನೆಯಲ್ಲಿ ತಾಂಬೂಲ ಹಾಕಿ ಕೊಡುತ್ತಿದ್ದ ಹಳದಿ ಚೀಲ ನಮಗೇನು ಹೊಸದೇ? ಮಾಂಸಕ್ಕೆ, ದೋಸೆ ಹಿಟ್ಟಿಗೆ ಮುಚ್ಚಳವಿರುವ ಡಬ್ಬಿ ಒಯ್ಯಿರಿ. ಅಂಗಡಿಯವರು ಮೊದಲ ದಿನ ನಗುತ್ತಾರೆ, ನಾಲ್ಕನೆಯ ದಿನ ತಾವಾಗಿಯೇ ಡಬ್ಬಿಗೆ ಕೈ ಚಾಚುತ್ತಾರೆ.

ಎರಡನೆಯದು, ಅಳತೆಯಿಂದ ಅಡುಗೆ ಮಾಡುವುದು. 2022ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಪೋಲಾಯಿತೆಂದೂ, ಅದರಲ್ಲಿ ಶೇಕಡ 60ರಷ್ಟು ಮನೆಗಳಿಂದಲೇ ಎಂದೂ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಹೇಳುತ್ತದೆ. ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಈರುಳ್ಳಿ ಕಚ್ಚಿಕೊಂಡು ಉಂಡು ಬೆಳೆದ ಸೀಮೆ ನಮ್ಮದು. ಮಿಕ್ಕ ಅನ್ನ ಚಿತ್ರಾನ್ನವಾಗುವುದು ಜಿಪುಣತನವಲ್ಲ, ಜಾಣತನ.

ಮೂರನೆಯದು, ಬೇರೆಯಾಗಿಯೇ ಇಡುವುದು. ಬೆಂಗಳೂರಿನಲ್ಲಿ ಇದನ್ನು 'ಎರಡು ಬುಟ್ಟಿ, ಒಂದು ಚೀಲ' ಎನ್ನುತ್ತಾರೆ. ಒಂದು ಬುಟ್ಟಿಗೆ ಹಸಿ ಕಸ. ಚೀಲಕ್ಕೆ ಕಾಗದ, ಪ್ಲಾಸ್ಟಿಕ್, ಗಾಜು, ತಗಡು. ಇನ್ನೊಂದು ಬುಟ್ಟಿಗೆ ಡೈಪರ್, ಸ್ಯಾನಿಟರಿ ಪ್ಯಾಡ್, ಬ್ಯಾಂಡೇಜು ಮುಂತಾದವು. ಇವುಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೊಡಿ. ಬ್ಲೇಡು, ಸೂಜಿ, ಒಡೆದ ಗಾಜನ್ನು ಬಿಡಿಬಿಡಿಯಾಗಿ ಎಸೆಯದೆ ದಪ್ಪ ಡಬ್ಬಿಯಲ್ಲಿ ಹಾಕಿ ಕೊಡಿ. ನಮ್ಮ ಕಸವನ್ನು ಬಿಡಿಸಿ ನೋಡುವ ಪೌರಕಾರ್ಮಿಕರದ್ದೂ ನಮ್ಮಂತೆಯೇ ರಕ್ತವಿರುವ ಕೈ. ಹಾಲಿನ ಪೊಟ್ಟಣದ ಮೂಲೆಯನ್ನು ಪೂರ್ತಿ ಕತ್ತರಿಸದೆ ಅಂಟಿಕೊಂಡೇ ಇರುವಂತೆ ಕೊಯ್ಯಿರಿ. ಆ ಚೂರು ಒಮ್ಮೆ ಉದುರಿದರೆ ಮತ್ತೆ ಯಾರ ಕೈಗೂ ಸಿಗದು.

ನಾಲ್ಕನೆಯದು, ತಿಪ್ಪೆಯನ್ನು ಮರಳಿ ಮನೆಗೆ ಕರೆಯುವುದು. ಹಿತ್ತಿಲಿಲ್ಲದವರಿಗೂ ಒಂದು ಮಣ್ಣಿನ ಮಡಕೆ ಸಾಕು. ಗಾಳಿಯಾಡಲು ಸುತ್ತ ತೂತುಗಳಿರಲಿ. ಅಡಿಗೆ ಒಣಗಿದ ಎಲೆ ಹಾಸಿ, ದಿನದ ಸಿಪ್ಪೆ ಹಾಕಿ, ಮೇಲೆ ಮತ್ತೆ ಒಣ ಎಲೆ ಮುಚ್ಚಿ. ಆರಂಭದಲ್ಲಿ ಸ್ವಲ್ಪ ಹುಳಿ ಮಜ್ಜಿಗೆ ಅಥವಾ ಸಗಣಿಯ ನೀರು ಚಿಮುಕಿಸಿ. ವಾರಕ್ಕೊಮ್ಮೆ ಕೆದಕಿ. ವಾಸನೆ ಬಂದರೆ ತೇವ ಹೆಚ್ಚಾಗಿದೆ ಎಂದರ್ಥ, ಒಣ ಎಲೆ ಸೇರಿಸಿ. ಮಡಕೆ ತುಂಬಿದ ಮೇಲೆ ಸುಮಾರು ಎರಡು ತಿಂಗಳಲ್ಲಿ ಕರಿ ಮಣ್ಣಿನಂಥ ಗೊಬ್ಬರ ಸಿಗುತ್ತದೆ. ಹೂವಿಗೆ ಹೆಸರಾದ ನಮ್ಮ ಊರಿನಲ್ಲಿ ಗುಲಾಬಿ ಗಿಡಕ್ಕೆ ಇದಕ್ಕಿಂತ ಒಳ್ಳೆಯ ಆಹಾರ ಯಾವುದಿದೆ?

ಕೊನೆಯದು, ಬೆಂಕಿ ಹಚ್ಚದಿರುವುದು. ಬೆಳಗಿನ ಹೊತ್ತು ಕವರುಗಳ ಜೊತೆ ಕಸ ಗುಡ್ಡೆ ಹಾಕಿ ಸುಡುವ ಅಭ್ಯಾಸ ಹಳ್ಳಿ ಪಟ್ಟಣ ಎರಡರಲ್ಲೂ ಇದೆ. ಪ್ಲಾಸ್ಟಿಕ್ ಸುಟ್ಟ ಹೊಗೆಯಲ್ಲಿ ವಿಷವಿದೆ. ಬೀದಿಯಲ್ಲಿ ಕಸ ಸುಡುವುದನ್ನು ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ನಿಷೇಧಿಸಿವೆ. ಸುಟ್ಟ ಕಸ ಮಾಯವಾಗುವುದಿಲ್ಲ, ಅದು ಅಂಗಳದಲ್ಲಿ ಆಡುವ ಮಗುವಿನ ಎದೆಗೂಡು ಸೇರುತ್ತದೆ.

ಒಂದು ಮನೆಯಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯನ್ನು ನಾವೆಲ್ಲ ಕಲಿತದ್ದು ಇಂಥ ತರಗತಿಗಳಲ್ಲೇ. ಗಡಿಯ ಈ ಶಾಲೆ ನೂರು ವರ್ಷ ಉಳಿದದ್ದು ಒಬ್ಬ ಮಹಾದಾನಿಯ ದೊಡ್ಡ ಕೈಯಿಂದಲ್ಲ. ಪ್ರತಿವರ್ಷ ಒಂದೊಂದು ಮನೆಯವರು, ಅಕ್ಕಪಕ್ಕದವರು ಏನೇ ಹೇಳಲಿ, ನಮ್ಮ ಮಗು ಕನ್ನಡದಲ್ಲಿ ಓದಲಿ ಎಂದು ಇಲ್ಲಿಗೆ ಕಳುಹಿಸಿದ್ದರಿಂದ ಉಳಿಯಿತು. ದಿನನಿತ್ಯದ ಸಣ್ಣ ನಿರ್ಧಾರಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ಈ ಕಟ್ಟಡವೇ ಸಾಕ್ಷಿ.

ಆದ್ದರಿಂದ ಒಂದು ಬಿನ್ನಹ. ಈ ಸಮಾರಂಭದ ಊಟ ಬಾಳೆ ಎಲೆಯಲ್ಲಿ, ನೀರು ಸ್ಟೀಲ್ ಲೋಟದಲ್ಲಿ ನಡೆಯಲಿ. ಆ ಎಲೆಗಳು ಶಾಲೆಯ ಹಿಂದಿನ ಗುಂಡಿಯಲ್ಲಿ ಗೊಬ್ಬರವಾಗಲಿ. ಮುಂದಿನ ವರ್ಷ ಆ ಗೊಬ್ಬರ ಹಾಕಿ ಮಕ್ಕಳು ಒಂದು ಮಾವಿನ ಸಸಿ ನೆಡಲಿ. ತಾವು ಮನೆಗೆ ಹೋದ ಮೇಲೆ, ನಾಳೆ ಬೆಳಿಗ್ಗೆ ಕವರಿಗೆ ಗಂಟು ಹಾಕುವ ಮುನ್ನ ಒಂದು ಗಳಿಗೆ ಕೈ ತಡೆದು, ಆ ಅಜ್ಜಿ ನನ್ನನ್ನು ಕೇಳಿದ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಿ. ನಾನು ಅವರಿಗೆ ಕೊಡಲಾಗದ ಉತ್ತರವನ್ನು ತಾವೆಲ್ಲ ಸೇರಿ ಕೊಟ್ಟಂತಾಗುತ್ತದೆ.